ಬೆಟ್ಟದ ಮೇಲಿನ ಎಂಟು ಹಾಸಿಗೆ

ನಾಲ್ಕು ಜನರ ಆಕ್ಷೇಪಣೆ ಕೇಳದೆ ಒಂದು ಚೀಟಿಯನ್ನೂ ಮುಂದಕ್ಕೆ ಬಿಡದ ಅಭ್ಯಾಸವೇ ನಮ್ಮ ವೇಳಾಪಟ್ಟಿ ಗುಮಾಸ್ತರಿಗೆ ಮುಳುವಾಯಿತು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕೆಂದು ಬರೆದು, ಡಿಪೋದ ಎಲ್ಲ ವಿಭಾಗಕ್ಕೂ ಕಳಿಸಿ, ತಕರಾರು ತಿದ್ದಿ, ಸಹಿ ಹಾಕಿಸುವುದು ಅವರ ಇಪ್ಪತ್ತೆರಡು ವರ್ಷದ ಕೆಲಸ. ಎಂಥ ಕೈ ಅಂತೀರಿ! ಅವರ ಪಟ್ಟಿ ನೋಡಿ ಗಡಿಯಾರವನ್ನೇ ತಿದ್ದಿಕೊಳ್ಳಬಹುದಿತ್ತು.

ಇಷ್ಟು ಬಸ್ಸು ಹೊರಡಿಸಿದ ಪುಣ್ಯಾತ್ಮರು ತಾವು ಮಾತ್ರ ಎಲ್ಲಿಗೂ ಹೊರಟವರಲ್ಲ. ಪ್ರವಾಸದ ಯೋಜನೆ ತಿದ್ದಿ ಮುಗಿಸುವಷ್ಟರಲ್ಲಿ ರಜೆಯೇ ಮುಗಿದಿರುತ್ತಿತ್ತು.

ಆ ಶನಿವಾರ ಬೆಳಿಗ್ಗೆ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡರು. "ಇವತ್ತು ರಾತ್ರಿ ಬೆಟ್ಟದ ಮೇಲೆ ಚಾರಣದವರ ಗುಡಿಸಲಲ್ಲೇ ಮಲಗೋದು. ಹೋಗ್ಲಿಲ್ಲ ಅಂದ್ರೆ ಇನ್ನು ಪ್ರವಾಸದ ಮಾತೇ ಎತ್ತಲ್ಲ ಕಣೇ."

"ಮೊದಲು ಹೋಗಿ ತೋರಿಸ್ರೀ" ಎಂದರು ಆಕೆ.

ಗುಡಿಸಲಲ್ಲಿದ್ದದ್ದು ಎಂಟೇ ಹಾಸಿಗೆ. ಆಯಾ ದಿನದ್ದು ಆಯಾ ದಿನ ಬೆಳಿಗ್ಗೆಯಿಂದ ಕೊಡುತ್ತಿದ್ದರು, ಫೋನ್ ಮಾಡಿದವರ ಹೆಸರಿಗೆ ಮಾತ್ರ. ಕಚೇರಿಗೆ ಬಂದವರೇ ಗುಮಾಸ್ತರು ಫೋನ್ ಎತ್ತಿಕೊಂಡರು. ಮನಸ್ಸು ಒಪ್ಪಲಿಲ್ಲ. ಸಹಿಯಾಗದ ಯೋಜನೆಯೂ ಒಂದು ಯೋಜನೆಯೇ? ಫೋನ್ ಇಟ್ಟು, ಪ್ರವಾಸದ ಯೋಜನೆ ಬರೆದ ಕಾಗದವನ್ನು ಕಚೇರಿಯ ಎಲ್ಲರಿಗೂ ಸಹಿಗೆ ಕಳಿಸಿದರು.

ಅದೇನು ಸಾಮಾನ್ಯ ಕಾಗದವೇ? ಎರಡು ಇಪ್ಪತ್ತರ ಬಸ್ಸು, ಎಡಗಡೆ ಸೀಟು, ನೀರು ಕುಡಿಯುವ ಮೂರು ಜಾಗ, ಕಾಲುಚೀಲ ಎರಡು ಜೊತೆ. ಗುಡಿಸಲಿನ ಫೋಟೊ ನೋಡಿಯೇ, ಕಿಟಕಿಯಿಂದ ಮೂರನೇ ಹಾಸಿಗೆಗೆ ಗಾಳಿ ಹೊಡೆಯುವುದಿಲ್ಲವೆಂದು ಕಂಡುಹಿಡಿದಿದ್ದರು.

"ಸಾರ್, ಇಳಿಯೋವಾಗ ಮೊಣಕಾಲಿಗೆ ಬ್ರೇಕ್ ಬೇಡ್ವಾ? ಒಂದು ಕೋಲು ಸೇರಿಸಿ" ಎಂದ ಮೆಕ್ಯಾನಿಕ್. ಸೇರಿಸಿದರು.

"ಅಬ್ಬಾ, ಓದ್ತಿದ್ರೆ ಕಾಲು ತಾನಾಗೇ ನಡೆಯುತ್ತೆ ಸಾರ್!" ಎಂದಳು ಟೈಪಿಸ್ಟ್. ತಿದ್ದಿದ್ದನ್ನೆಲ್ಲ ಹೊಸದಾಗಿ ಟೈಪ್ ಮಾಡಿ ಏಳು ಪ್ರತಿ ತೆಗೆದಳು.

ಮ್ಯಾನೇಜರು ಕನ್ನಡಕ ಏರಿಸಿದರು. "ಸೂರ್ಯೋದಯ ಆರು ಹತ್ತಕ್ಕೆ ಅಂತ ಹಾಕಿದ್ದೀರಿ. ಎದುರಿಗೆ ಇನ್ನೊಂದು ಗುಡ್ಡ ಇದೆಯಲ್ಲ, ಅದನ್ನ ದಾಟೋಕೆ ಸೂರ್ಯನಿಗೂ ಟೈಮ್ ಬೇಡ್ವೇನ್ರೀ?"

ಮಾತು ನಿಜ. ಗುಮಾಸ್ತರು ನಕ್ಷೆ, ಅಳತೆಪಟ್ಟಿ ಹಿಡಿದು ಒಂದೂವರೆ ಗಂಟೆ ಕೂತು ಆರು ಇಪ್ಪತ್ನಾಲ್ಕು ಎಂದು ತಿದ್ದಿದರು. ಸಹಿ ಹಾಕಿದವರೆಲ್ಲ ಒಬ್ಬೊಬ್ಬರಾಗಿ ಫೋನ್ ಹಿಡಿದು ಹೊರಗೆ ಹೋಗುತ್ತಿದ್ದರು. ತಮಗೆ ತೊಂದರೆಯಾಗದಿರಲೆಂದು ಎಷ್ಟು ಮರ್ಯಾದೆ ಎಂದು ಗುಮಾಸ್ತರ ಮನಸ್ಸು ತುಂಬಿ ಬಂತು.

ಹನ್ನೆರಡೂ ಇಪ್ಪತ್ತಕ್ಕೆ ಕೊನೆಯ ಸಹಿ ಬಿತ್ತು. ಸಹಿಗಳನ್ನೆಲ್ಲ ಇನ್ನೊಮ್ಮೆ ಎಣಿಸಿ, ಹನ್ನೆರಡೂ ಮುಕ್ಕಾಲಿಗೆ ಗುಡಿಸಲಿಗೆ ಫೋನ್ ಮಾಡಿದರು.

"ಎಂಟೂ ಹೋಯ್ತು ಸಾರ್" ಎಂದ ಗುಡಿಸಲಿನವನು. "ಇವತ್ತು ಎಂಥ ತಿಳಿದವರು ಬರ್ತಿದ್ದಾರೆ ಅಂತೀರಿ! ಏಳು ಜನಾನೂ ಕಿಟಕಿಯಿಂದ ಮೂರನೇ ಹಾಸಿಗೇನೇ ಕೇಳಿದ್ರು. ಕೊನೇದು ಈಗ ಹತ್ತು ನಿಮಿಷದ ಕೆಳಗೆ ಹೋಯ್ತು."

ತಿರುಗಿ ನೋಡಿದರೆ ಕಚೇರಿಯಲ್ಲಿ ಬರೀ ಕುರ್ಚಿಗಳು. ಇನ್ನು ಹೆಂಡತಿಗೆ ಯಾವ ಮುಖ ತೋರಿಸುವುದು? ಚಾವಣಿ ಸೋರುತ್ತಿದೆಯಂತೆ ಎಂದು ಹೇಳಿದರಾಯಿತೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಮನೆಗೆ ಬಂದರು.

ಹೆಂಡತಿ ಬೂಟು ಹಾಕಿ, ಬ್ಯಾಗು ಬೆನ್ನಿಗೇರಿಸಿ ಬಾಗಿಲಲ್ಲೇ ನಿಂತಿದ್ದರು.

"ಎಂಟನೇದು ನಂದೇ ರೀ. ಹನ್ನೆರಡೂವರೆ ತನಕ ಕಾದೆ. ನೀವು ಹೆಸರು ಬರೆಸಿದ್ದೀರಾ ಅಂತ ಗುಡಿಸಲಿಗೇ ಕೇಳಿದೆ, ಇಲ್ಲ ಅಂದ್ರು. ಒಂದೇ ಉಳಿದಿದೆ ಅಂದ್ರು. ನಿಮಗೆ ಹೇಳೋಣ ಅಂದ್ಕೊಂಡೆ, ಆದ್ರೆ ನೀವು ಅದನ್ನೂ ಸಹಿಗೆ ಕಳಿಸ್ತೀರಿ. ಇಂಥ ಚೆಂದದ ಪ್ಲಾನು ವ್ಯರ್ಥ ಆಗ್ಬಾರದಲ್ವಾ?"

ಗುಮಾಸ್ತರು ರೇಗಲು ಬಾಯಿ ತೆರೆದರು. ಅಷ್ಟರಲ್ಲಿ ಕಣ್ಣು ಗಡಿಯಾರಕ್ಕೆ ಬಿತ್ತು. "ಅಯ್ಯೋ, ಎರಡಕ್ಕೆ ಐದೇ ನಿಮಿಷ ಇದೆ, ನಡಿ ನಡಿ!" ಎಂದು ಬ್ಯಾಗು ಕಿತ್ತುಕೊಂಡು ತಾವೇ ನಿಲ್ದಾಣಕ್ಕೆ ಓಡಿದರು.

ಬಸ್ಸಿನ ಎಡಗಡೆ ಕಿಟಕಿಗಳಲ್ಲಿ ಸಾಲಾಗಿ ಡಿಪೋದವರು. ಗುಮಾಸ್ತರು ಹೆಂಡತಿಯನ್ನು ಹತ್ತಿಸಿ ಕೆಳಗೇ ನಿಂತಾಗ ಮೆಕ್ಯಾನಿಕ್ ತಲೆ ಹೊರಗೆ ಹಾಕಿದ.

"ಹತ್ತಿ ಸಾರ್! ಬೆಳಿಗ್ಗೇನೇ ಮೊದಲನೇ ಹಾಸಿಗೆ ನಿಮ್ಮ ಹೆಸರಿಗೆ ಬರೆಸಿರ್ತೀರಿ ಅನ್ನೋ ಧೈರ್ಯದ ಮೇಲೇ ನಾವೆಲ್ಲ ಹೊರಟಿದ್ದು! ನೀವಿಲ್ಲದೆ ದಾರಿ ತೋರ್ಸೋರು ಯಾರು?"

ಗುಮಾಸ್ತರು ಅಭ್ಯಾಸದಂತೆ ಕೈಗಡಿಯಾರ ನೋಡಿಕೊಂಡರು. ಎರಡು ಇಪ್ಪತ್ತಾಗಿತ್ತು, ಅವರನ್ನು ಕೆಳಗೇ ಬಿಟ್ಟು ಬಸ್ಸು ಹೊರಟೇಬಿಟ್ಟಿತು.