ಏರಿನಲ್ಲಿ ಮಾತ್ರ ಕೇಳುವ ಶಬ್ದ

ಹಲ್ಲುನೋವೆಂದು ಮನೆಮಂದಿಯ ಪ್ರಾಣ ತಿಂದವನಿಗೆ ಡಾಕ್ಟರ ಬಾಗಿಲು ಕಂಡ ಕೂಡಲೇ ನೋವು ಮಾಯವಾಗುವ ವಿಚಾರ ನಿಮಗೂ ಗೊತ್ತಿರಬಹುದು. "ಎಲ್ಲಿ ನೋವು?" ಎಂದು ಅವರು ಕೇಳಿದಾಗ, ಸುಮ್ಮನೆ ಬಂದೆ ಎನ್ನಲು ನಾಚಿಕೆಯಾಗಿ, ಅಂದಾಜಿನ ಮೇಲೆ ಯಾವುದೋ ಒಂದು ಹಲ್ಲು ತೋರಿಸಿ, ಅದನ್ನು ಕೀಳಿಸಿಕೊಂಡು ಬಂದವರನ್ನೂ ನಾನು ಬಲ್ಲೆ. ಅವರ ಹೆಸರು ಹೇಳುವುದಿಲ್ಲ. ನನ್ನ ಬಾಯಿಯ ಎಡಭಾಗದಲ್ಲಿ ಒಂದು ಜಾಗ ಖಾಲಿ ಇದೆ ಎಂದಷ್ಟೇ ಹೇಳಬಲ್ಲೆ. ಈ ಗುಣ ಮನುಷ್ಯರಿಗೆ ಮಾತ್ರ ಇರುವುದೆಂದು ಬಹಳ ಕಾಲ ನಂಬಿದ್ದೆ. ವ್ಯಾನು ಕೊಂಡ ಮೇಲೆ ಆ ನಂಬಿಕೆ ಹೋಯಿತು.

ವ್ಯಾನು ಕೊಂಡದ್ದು ನನ್ನ ಶೋಕಿಗಲ್ಲ, ಹೂವಿಗಾಗಿ. ಬಾಳೂರಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಕಾಫಿ ರೇಟು ನೆಲಕಚ್ಚಿದ್ದ ವರ್ಷಗಳಲ್ಲಿ, ಬೆಳಿಗ್ಗೆ ಎದ್ದು ಪೇಪರಿನಲ್ಲಿ ರೇಟು ನೋಡಿ ನಿಟ್ಟುಸಿರು ಬಿಡುವುದನ್ನೇ ನಾನು ಉದ್ಯೋಗ ಮಾಡಿಕೊಂಡಿದ್ದೆ. ಆಗ ನನ್ನ ಹೆಂಡತಿ ಸುಮಿತ್ರ ಒಂದು ಮಾತೂ ಆಡದೆ ಮನೆಯ ಹಿಂದೆ ನೆರಳಿಗೆ ಹಸಿರು ಬಲೆ ಕಟ್ಟಿಸಿ ಆಂಥೂರಿಯಂ ಬೆಳೆಯತೊಡಗಿದಳು. "ಪ್ಲಾಸ್ಟಿಕ್ ಹೂವಿನ ಹಾಗಿದೆಯಲ್ಲ ಮಾರಾಯ್ತಿ, ಇದನ್ನ ಯಾರು ಕೊಳ್ತಾರೆ?" ಎಂದು ನಾನು ನಕ್ಕೆ. ಕುದುರೆಮುಖದ ಗಣಿ ಕಾಲೊನಿಯ ಹೆಂಗಸರು ಮುಗಿಬಿದ್ದು ಕೊಂಡರು. ಗಣಿ ನಿಂತು ಆ ಕಾಲೊನಿ ಖಾಲಿಯಾಗುತ್ತಾ ಬಂದಾಗ ಅವಳು ಬೆಂಗಳೂರಿನಲ್ಲಿ ಮದುವೆ ಮಂಟಪ ಅಲಂಕರಿಸುವ ಒಬ್ಬರನ್ನು ಹಿಡಿದಳು. ಹೂವನ್ನು ರಟ್ಟಿನ ಡಬ್ಬಿಗಳಲ್ಲಿ ತುಂಬಿ ಮೂಡಿಗೆರೆಯಿಂದ ಸಂಜೆಯ ಬಸ್ಸಿಗೆ ಹಾಕಬೇಕು. ನಮ್ಮ ಹಳೇ ಜೀಪಿನಲ್ಲಿ ಹಾಕಿಕೊಂಡು ಹೋದರೆ ಮೂಡಿಗೆರೆ ಮುಟ್ಟುವಷ್ಟರಲ್ಲಿ ಹೂವು ಪಲ್ಯವಾಗಿರುತ್ತಿತ್ತು. ಆದ್ದರಿಂದ ಜೀಪು ಹೋಗಿ ವ್ಯಾನು ಬಂತು. ಮದುವೆಯಾದಾಗಿನಿಂದ ಸುಮಿತ್ರ ತನ್ನದೆಂದು ಹೇಳಿಕೊಂಡ ಮೊದಲ ವ್ಯವಹಾರ ಈ ಹೂವಿನದು. ನನ್ನ ತೋಟ, ನನ್ನ ಕಾಫಿ ಎಂದು ನಾನು ಹೇಳುವಾಗೆಲ್ಲ ಅವಳು ಈಗ "ನನ್ನ ಹೂವು" ಎನ್ನುತ್ತಿದ್ದಳು, ಅದನ್ನು ಕೇಳಲು ನನಗೂ ಹಿತವಾಗಿತ್ತು.

ಆದರೆ ನಮ್ಮ ಕಡೆ ವ್ಯಾನು ಕೊಳ್ಳುವವರು ಒಂದು ವಿಷಯವನ್ನು ಮೊದಲೇ ಯೋಚಿಸಬೇಕು. ದಾರಿಯಲ್ಲಿ ಕೈ ತೋರಿಸಿದವರನ್ನು ಬಿಟ್ಟುಹೋಗುವ ಪದ್ಧತಿ ನಮ್ಮಲ್ಲಿಲ್ಲ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಊರಿನಲ್ಲಿ ಖಾಲಿ ಸೀಟು ಇಟ್ಟುಕೊಂಡು ಓಡಾಡುವುದು ಮರ್ಯಾದಸ್ಥರ ಲಕ್ಷಣವಲ್ಲ. ಒಮ್ಮೆ ನಿಲ್ಲಿಸದೆ ಹೋದರೆ ನೀವು ಮನೆ ಮುಟ್ಟುವ ಮೊದಲೇ "ಅವ್ರಿಗೆ ಈಗ ವ್ಯಾನು ಬಂದಿದೆಯಲ್ಲ" ಎಂಬ ಮಾತು ಮನೆ ಮುಟ್ಟಿರುತ್ತದೆ. ಜೀಪಿದ್ದಾಗ ಈ ತೊಂದರೆ ಇರಲಿಲ್ಲ. ಅದರ ಸೀಟಿನ ರುಚಿ ಕಂಡವರು ನನ್ನನ್ನು ನೋಡಿ ಮುಖ ತಿರುಗಿಸುತ್ತಿದ್ದರು. ವ್ಯಾನಿನದು ಪಕ್ಕಕ್ಕೆ ಸರಿಯುವ ಬಾಗಿಲು. ಅದನ್ನು ಸರ್‍ರೆಂದು ಎಳೆದರೆ ಒಳಗೆ ಒಂದು ಸಣ್ಣ ನಡುಮನೆಯೇ ಕಾಣುತ್ತದೆ. ಜನ ಒಬ್ಬರ ಮೇಲೊಬ್ಬರು ಕೂತು, ತೊಡೆಯ ಮೇಲೆ ಮಕ್ಕಳನ್ನೂ ಕಾಲಡಿಯಲ್ಲಿ ಮೆಣಸಿನ ಚೀಲವನ್ನೂ ಇಟ್ಟುಕೊಂಡು, "ಇನ್ನೂ ಒಬ್ರು ಬರಬಹುದು ಅಣ್ಣ" ಎಂದು ನನಗೇ ಧೈರ್ಯ ಹೇಳುತ್ತಿದ್ದರು.

ಶಬ್ದ ಶುರುವಾದದ್ದು ಬಾಳೂರು ಕ್ರಾಸಿನಿಂದ ನಮ್ಮ ಮನೆಗೆ ಬರುವ ಏರಿನಲ್ಲಿ. ವ್ಯಾನಿನ ಹಿಂಭಾಗದಿಂದ ಗೊರ್ರ್ ಎಂದು ಶುರುವಾಗಿ ಕಿಂಯ್ ಎಂದು ಮುಗಿಯುವ ಒಂದು ನರಳಿಕೆ. ಏರು ಮುಗಿದ ಕೂಡಲೇ ನಿಲ್ಲುತ್ತಿತ್ತು. ಮೊದಲ ದಿನ ಎಲ್ಲರೂ ಪಕ್ಕದ ತೋಟದ ನಾಗೇಶನನ್ನು ನೋಡಿದರು, ಅವನು "ನಾನಲ್ಲ" ಎಂದ. ಮೂಡಿಗೆರೆಯಲ್ಲಿ ನಮ್ಮ ಜೀಪಿಗೆ ಜೀವಮಾನವಿಡೀ ಚಿಕಿತ್ಸೆ ಕೊಟ್ಟ ಮೆಕ್ಯಾನಿಕ್ ಹಸನಬ್ಬನ ಹತ್ತಿರ ಹೋದೆ. ಅವನು ವ್ಯಾನಿನಿಂದ ಎರಡು ಮಾರು ದೂರವೇ ನಿಂತ.

"ವಾರಂಟಿ ಉಂಟಾ ಸಾರ್?"

"ಇನ್ನೂ ಇದೆ ಕಣೋ."

"ಹಾಗಾದ್ರೆ ನಾನು ಮುಟ್ಟೋದಿಲ್ಲ. ವಾರಂಟಿ ಇರೋ ಗಾಡಿ ಅಂದ್ರೆ ಬೇರೆಯವ್ರ ತೋಟ ಇದ್ದಂಗೆ. ನಾನು ಬೇಲಿ ಹಾರಿದ್ರೆ ನಾಳೆ ಅವ್ರು ಎಲ್ಲ ನನ್ನ ತಲೆಗೇ ಕಟ್ತಾರೆ. ಮುಗೀಲಿ, ಆಮೇಲೆ ಧೈರ್ಯವಾಗಿ ಬನ್ನಿ."

ವಾರಂಟಿ ಎಂಬುದು ಏನೆಂದು ನಾನು ಓದಿ ನೋಡಿದ್ದು ಆವತ್ತೇ. ಟೈರು, ಬಲ್ಬು, ರಬ್ಬರು, ಗಾಜು, ಕ್ಲಚ್ಚಿನ ಪ್ಲೇಟು ಇವು ಯಾವುದಕ್ಕೂ ವಾರಂಟಿ ಇಲ್ಲ. ಒಟ್ಟಿನಲ್ಲಿ ಕೆಡುವ ಸಾಮಾನಿಗೆ ವಾರಂಟಿ ಇಲ್ಲ, ಕೆಡದ ಸಾಮಾನಿಗೆ ಪೂರ್ತಿ ಇದೆ. ಶಬ್ದಕ್ಕೆ ಕಾರಣವೆಂದು ಹಸನಬ್ಬ ಊಹಿಸಿದ್ದ, ಹಿಂದಿನ ಆಕ್ಸಲಿನ ಒಳಗಿನ ಹಲ್ಲುಚಕ್ರಗಳು ಮಾತ್ರ ಅದೃಷ್ಟಕ್ಕೆ ಕೆಡದವುಗಳ ಪಟ್ಟಿಯಲ್ಲಿದ್ದವು. ಹೊರಗೆ ಮಾಡಿಸಿದರೆ ಆ ರಿಪೇರಿಯ ಖರ್ಚಿನಲ್ಲಿ ಸುಮಿತ್ರಳ ಹೂವಿನ ಒಂದು ವರ್ಷದ ಲಾಭ ಹೋಗುತ್ತದೆಂದು ಹಸನಬ್ಬ ದೂರದಿಂದಲೇ ಲೆಕ್ಕ ಹೇಳಿದ್ದ. ಅದಕ್ಕೇ ಚಿಕ್ಕಮಗಳೂರಿನ ಶೋರೂಮಿಗೆ ಹೊರಟೆ. ಅಲ್ಲಿನ ಸರ್ವಿಸ್ ಮ್ಯಾನೇಜರು ಪ್ರಸನ್ನ ಎಂಬ ಇಸ್ತ್ರಿ ಮಾಡಿದ ಯುವಕ. ನನ್ನ ಪಕ್ಕದಲ್ಲಿ ಕೂತು ಊರಿನ ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಬಂದ. ವ್ಯಾನು ಹಾಲು ಕುಡಿದ ಮಗುವಿನಂತೆ ಹೋಯಿತು. "ಯಾವ ಶಬ್ದ ಸಾರ್?" ಎಂದ. ನಾನು ಬಾಯಲ್ಲೇ ಗೊರ್ರ್, ಕಿಂಯ್ ಮಾಡಿ ತೋರಿಸಿದೆ. ಕಾರು ತೊಳೆಯುತ್ತಿದ್ದವರು ನೀರು ನಿಲ್ಲಿಸಿ ನೋಡಿದರು. "ಆ ಶಬ್ದ ಗಾಡಿ ಮಾಡ್ಬೇಕು ಸಾರ್, ನೀವು ಮಾಡಿದ್ರೆ ಕ್ಲೇಮ್ ಆಗಲ್ಲ" ಎಂದು ಬಹಳ ವಿನಯದಿಂದ ಕಳಿಸಿಕೊಟ್ಟ.

ನನ್ನ ಮಾತಿಗೆ ಬೆಲೆ ಸಿಗದೆ ಬಂದದ್ದು ಊರಿಗೆಲ್ಲ ಬೇಸರ ತಂದಿತು. ನಮ್ಮವರು ಒಳ್ಳೆಯವರು. "ನಾವೆಲ್ಲ ಬಂದು ಸಾಕ್ಷಿ ಹೇಳ್ತೀವಿ, ಅದು ಹೆಂಗೆ ನಂಬಲ್ಲ ನೋಡೇಬಿಡಣ" ಎಂದು ನಾಗೇಶ ಜನ ಸೇರಿಸಿದ. ಮುಂದಿನ ಸಲ ಶೋರೂಮಿನ ಮುಂದೆ ನಾನು ಬಾಗಿಲು ಸರಿಸಿದಾಗ ಇಳಿದವರನ್ನು ನೋಡಿಯೇ ಪ್ರಸನ್ನ ಕುರ್ಚಿಯಿಂದ ಎದ್ದು ನಿಂತ. ನಾನು ಬಾಯಿ ತೆರೆಯುವ ಮೊದಲೇ ನಾಗೇಶ ಶುರು ಮಾಡಿದ. "ಶಬ್ದ ಬರ್ತದೆ ಸಾರ್, ನಾನೇ ಕೇಳಿದೀನಿ. ನಮ್ಮ ಅಣ್ಣನ ಮಗಳ ನಿಶ್ಚಿತಾರ್ಥಕ್ಕೆ ಹೋಗೋವಾಗ ನಾವು ಹದಿಮೂರು ಜನ ಇದ್ವಿ, ಆಗ ಜೋರಾಗಿ ಬಂತು." ನಮ್ಮ ಕೇರಿಗೆಲ್ಲ ಹಿರಿಯರಾದ ಜಾನಕಕ್ಕ ಹಿಂದುಳಿಯಲಿಲ್ಲ. "ಗೊಬ್ಬರದ ಚೀಲ ಹಾಕಿದ ದಿನ ಇನ್ನೂ ಜೋರು ಕಣಪ್ಪ. ಅವತ್ತು ಕರುನೂ ಇತ್ತು." ನಾನು ಕಣ್ಣು ಮಿಟುಕಿಸಿದೆ, ಕೆಮ್ಮಿದೆ, ಜಾನಕಕ್ಕನ ಸೆರಗು ಎಳೆಯುವುದೊಂದು ಬಾಕಿ. ಅವರು ಸತ್ಯ ಹೇಳುವ ಹುರುಪಿನಲ್ಲಿದ್ದರು. ಪ್ರಸನ್ನ ಎಲ್ಲರಿಗೂ ಕಾಫಿ ತರಿಸಿಕೊಟ್ಟು, ಎಲ್ಲವನ್ನೂ ಕೇಳಿ, "ಓವರ್‌ಲೋಡ್" ಎಂಬ ಒಂದೇ ಶಬ್ದದಲ್ಲಿ ನಮ್ಮ ಕ್ಲೇಮನ್ನು ಮುಗಿಸಿದ. ವಾಪಸು ಬರುವಾಗ ನಮ್ಮ ಏರಿನಲ್ಲಿ ಶಬ್ದ ಮಾತ್ರ ಚೆನ್ನಾಗಿ ಬಂತು.

ಪೆಟ್ಟು ಬಿದ್ದದ್ದು ಮುಂದಿನ ವಾರ. ಮಧ್ಯಾಹ್ನ ಪೇಟೆಯಿಂದ ಎಂದಿನಂತೆ ಜನ ತುಂಬಿಕೊಂಡು ವಾಪಸು ಬರುವಾಗ ವ್ಯಾನು ಏರಿನ ಅರ್ಧದಲ್ಲಿ ದೊಡ್ಡದಾಗಿ ಕಿರುಚಿ ನಿಂತೇಬಿಟ್ಟಿತು. ಹಿಂದಕ್ಕೆ ಜಾರಿಸಿಕೊಂಡು ಕ್ರಾಸಿಗೆ ಇಳಿಸಿದೆ, ಮತ್ತೆ ಹತ್ತಿಸಲು ಧೈರ್ಯ ಬರಲಿಲ್ಲ. ಮೇಲೆ ಮನೆಯಲ್ಲಿ ಸುಮಿತ್ರ ಒಂದು ದೊಡ್ಡ ಮದುವೆಯ ಹೂವನ್ನೆಲ್ಲ ಡಬ್ಬಿಗೆ ತುಂಬಿ, ಅಂಗಳದಲ್ಲಿ ಕಾಯುತ್ತಿದ್ದಳು. ಯಾರದೋ ಜೀಪು ಸಿಕ್ಕಿ, ಡಬ್ಬಿಗಳು ಮೂಡಿಗೆರೆ ಮುಟ್ಟುವಷ್ಟರಲ್ಲಿ ಬಸ್ಸು ಹೋಗಿತ್ತು. ಮಂಟಪದವರು ಫೋನಿನಲ್ಲಿ ಕೂಗಾಡಲೂ ಇಲ್ಲ. "ಇನ್ನೊಂದ್ಸಲ ಹಿಂಗಾದ್ರೆ ನಾನು ಬೇರೆ ಕಡೆ ನೋಡ್ಕೋಬೇಕಾಗುತ್ತಮ್ಮ" ಎಂದಷ್ಟೇ ಹೇಳಿದರಂತೆ. ಅವಳು ಡಬ್ಬಿಗಳನ್ನು ಬಿಚ್ಚಿ, ಹೂಗಳನ್ನು ಬಕೆಟ್ಟುಗಳಲ್ಲಿ ನೀರಿಗಿಟ್ಟಳು. ನಮ್ಮ ಬಚ್ಚಲುಮನೆ ಆವತ್ತು ಮದುವೆ ಮಂಟಪದ ಹಾಗೆ ಕಾಣುತ್ತಿತ್ತು. ನನಗೆ ನಗು ಬರಲಿಲ್ಲ.

ಮಾರನೇ ದಿನ ಸುಮಿತ್ರ ತಾನೇ ಶೋರೂಮಿಗೆ ಫೋನು ಮಾಡಿದಳು. "ನಮ್ಮ ಏರು ನಿಮ್ಮೂರಿಗೆ ಬರಲ್ಲ ಸಾರ್. ನೀವೇ ಏರಿನ ಹತ್ರ ಬನ್ನಿ" ಎಂದಳು. ಇಂಥ ಸರಳ ಮಾತು ಇಷ್ಟು ದಿನ ನನಗೇಕೆ ಹೊಳೆದಿರಲಿಲ್ಲವೋ. ಪ್ರಸನ್ನನಿಗೆ ಭಾನುವಾರ ಕಳಸದಲ್ಲಿ ಮಾವನ ಮನೆಗೆ ಹೋಗಬೇಕಿತ್ತಂತೆ. "ಮೂಡಿಗೆರೆ ತನಕ ಬಸ್ಸಲ್ಲಿ ಬರ್ತೀನಿ, ಅಲ್ಲಿಂದ ನಿಮ್ಮ ವ್ಯಾನಲ್ಲೇ ಬಂದು ಶಬ್ದ ಕೇಳಿ ಮುಂದೆ ಹೋಗ್ತೀನಿ" ಎಂದ. ಅವನೂ ಒಂದು ರೀತಿಯಲ್ಲಿ ಕೈ ತೋರಿಸಿದವನೇ ಆದ.

ಭಾನುವಾರ ಸುಮಿತ್ರಳೂ ಜೊತೆಗೆ ಬಂದಳು. ಪ್ರಸನ್ನನನ್ನು ಮುಂದಿನ ಸೀಟಿನಲ್ಲಿ, ಅಂದರೆ ಎಂಜಿನ್ನಿನ ಮೇಲೆ, ಬೆಚ್ಚಗೆ ಕೂರಿಸಿಕೊಂಡು ಹೊರಟೆ. ಇಂದು ಯಾರನ್ನೂ ಹತ್ತಿಸಬಾರದೆಂದು ನಿಶ್ಚಯ ಮಾಡಿದ್ದೆ. ಆದರೆ ನಾಗೇಶ, ಅವನ ಹೆಂಡತಿ, ಸಂತೆ ಮುಗಿಸಿದ ಇನ್ನೂ ಹಲವರು ಅಲ್ಲಲ್ಲಿ ನಿಂತಿದ್ದರು, ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತಿತ್ತು. ಬಾಳೂರು ಕ್ರಾಸಿನಲ್ಲಿ ಜಾನಕಕ್ಕ ಕೊನೆಗೆ ಹತ್ತಿದರು, ಜಾಗವಿಲ್ಲದೆ ತಮ್ಮ ಕೋಳಿಯ ಬುಟ್ಟಿಯನ್ನು ಪ್ರಸನ್ನನ ತೊಡೆಯ ಮೇಲಿಟ್ಟರು. ಏರು ಶುರುವಾಯಿತು. ಗೊರ್ರ್, ಕಿಂಯ್. "ಬಂತು! ಬಂತು!" ಎಂದು ಎಲ್ಲರೂ ಕೂಗಿದರು. ನನಗಂತೂ ಆ ಶಬ್ದ ಕೇಳಿ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಪ್ರಸನ್ನ ನಿಲ್ಲಿಸಲು ಹೇಳಿ, ಬುಟ್ಟಿ ಹಿಡಿದುಕೊಂಡೇ ಹಿಂದೆ ತಿರುಗಿದ. "ಎಷ್ಟು ಜನ ಇದೀರಿ?" ಶೋರೂಮಿನಲ್ಲಿ ಪಾಠ ಕಲಿತಿದ್ದ ನಾಗೇಶ ಕಿಟಕಿಯಾಚೆ ನೋಡಿದ. ಜಾನಕಕ್ಕ ಮಾತ್ರ, "ನಿಮ್ಮನ್ನ ಸೇರ್ಸಿನಾ, ಬಿಟ್ಟಾ?" ಎಂದು ಕೇಳಿದರು.

"ನೋಡಿ, ಇದೇ ನಾನು ಹೇಳಿದ್ದು. ಇಷ್ಟು ಜನ ಕೂತ್ರೆ ಯಾವ ಗಾಡಿನೂ ಕೂಗುತ್ತೆ" ಎಂದ ಪ್ರಸನ್ನ.

ಜಾನಕಕ್ಕನಿಗೆ ಅವಮಾನವಾಯಿತು. "ಕೊನೆಗೆ ಹತ್ತಿದವಳು ನಾನು. ನಾನೇ ಇಳೀತೀನಪ್ಪ, ಎಂತಕ್ಕೆ ತೊಂದ್ರೆ" ಎಂದು ಇಳಿದೇಬಿಟ್ಟರು. ಆ ವಯಸ್ಸಿನವರು ನಡೆದು ಏರು ಹತ್ತುವಾಗ ಉಳಿದವರು ಕೂತಿರುವುದುಂಟೆ? ನಾಗೇಶ ಇಳಿದ. ಅವನ ಹಿಂದೆ ಅವನ ಹೆಂಡತಿ, ಸಂತೆಯವರು, ಮಕ್ಕಳು, ಕೊನೆಗೆ ಸುಮಿತ್ರಳೂ ಇಳಿದಳು. ಎಲ್ಲರೂ ಇಳಿದ ಮೇಲೆ ತಾನೊಬ್ಬನೇ ಕೂತಿರಲು ಪ್ರಸನ್ನನಿಗೂ ಆಗಲಿಲ್ಲ, ಕೋಳಿಯೊಂದಿಗೆ ಅವನೂ ಇಳಿದ. "ನೀವು ಮೇಲೆ ಹೋಗಿರಿ ಸಾರ್, ನಾವು ಬರ್ತೀವಿ" ಎಂದ.

ಖಾಲಿ ವ್ಯಾನನ್ನು ಗೇರಿಗೆ ಹಾಕಿ ಹೊರಟೆ. ಗೊರ್ರ್, ಕಿಂಯ್.

ನಿಲ್ಲಿಸಿದೆ. ಮತ್ತೆ ಹೊರಟೆ. ಮತ್ತೆ ಅದೇ. ಹಿಂದಿನಿಂದ ಪ್ರಸನ್ನ ಬುಟ್ಟಿ ಸಮೇತ ಓಡಿಬಂದು ಚಕ್ರದ ಪಕ್ಕದಲ್ಲಿ ಕಿವಿಯೊಡ್ಡಿ, "ಖಾಲಿ ಗಾಡಿಗೂ ಬರ್ತಿದೆಯಲ್ಲ ಸಾರ್! ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದು ಬೈದ. ಹೇಳುವುದು ಹೇಗೆ? ಆ ಏರನ್ನು ನಮ್ಮ ವ್ಯಾನು ಖಾಲಿಯಾಗಿ ಹತ್ತಿದ್ದೇ ಇರಲಿಲ್ಲ. ಭಾರದ ತಪ್ಪೆಂದು ನಾವೂ ನಂಬಿದ್ದೆವು, ಎಲ್ಲರೂ ಸೇರಿ ಪಾಪಪ್ರಜ್ಞೆಯಲ್ಲಿ ಬಳಲಿದ್ದೆವು. ತಪ್ಪು ಮೊದಲಿನಿಂದಲೂ ಹಲ್ಲುಚಕ್ರದ್ದೇ. ಪ್ರಸನ್ನ ಒಳ್ಳೆಯ ಹುಡುಗ. ನಮ್ಮ ಮನೆಯಲ್ಲಿ ಅಕ್ಕಿರೊಟ್ಟಿ ತಿಂದು, ಮಾವನ ಮನೆಗೆಂದು ಒಂದು ಕಟ್ಟು ಹೂವು ಹಿಡಿದುಕೊಂಡು, "ಸಾಮಾನು ಕಂಪನಿದು, ಕೂಲಿ ಮಾತ್ರ ನಿಮ್ದು" ಎಂದು ಒಪ್ಪಿದ. ವಾರಂಟಿ ಮುಗಿಯುವ ಮೊದಲೇ ಹೊಸ ಹಲ್ಲುಚಕ್ರ ಬಂತು. ಮಂಟಪದವರ ಮುಂದಿನ ಮದುವೆಗೆ ಹೂವು ಬಸ್ಸಿಗಿಂತ ಮೊದಲೇ ಮೂಡಿಗೆರೆಯಲ್ಲಿತ್ತು.

ಆಮೇಲೆ ಸುಮಿತ್ರ ತಾನೇ ಡ್ರೈವಿಂಗ್ ಕಲಿತಳು. ಅವಳು ಜನರನ್ನು ಹತ್ತಿಸುತ್ತಾಳೆ, ಆದರೆ ಹೂವಿನ ಡಬ್ಬಿ ಬಿಟ್ಟು ಉಳಿದಷ್ಟು ಸೀಟಿಗೆ ಮಾತ್ರ, ಮೊದಲು ಹಿರಿಯರಿಗೆ. ಆಶ್ಚರ್ಯವೆಂದರೆ ಊರಿನಲ್ಲಿ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ನಾನು ಹೇಳಿದ್ದರೆ ವ್ಯಾನು ಬಂದಿದೆ ಎಂದು ಕೊಬ್ಬು ಎನ್ನುತ್ತಿದ್ದರು. ಮೊನ್ನೆ ಕ್ರಾಸಿನಲ್ಲಿ ಬಸ್ಸಿಳಿದು ನಿಂತಿದ್ದೆ. ನಮ್ಮ ವ್ಯಾನೇ ಬಂತು. ಕೈ ತೋರಿಸಿದೆ. ಸುಮಿತ್ರ ನಿಲ್ಲಿಸಿ, ಹಿಂದೆ ತಿರುಗಿ ನೋಡಿ, "ಸೀಟಿಲ್ಲ ರೀ. ಹೋಗಿ ಕಾಫಿಗಿಟ್ಟಿರ್ತೀನಿ, ನಡ್ಕೊಂಡು ಬನ್ನಿ" ಎಂದಳು. ಒಳಗಿನಿಂದ ನಾಗೇಶ ನನಗೆ ಕೈ ಬೀಸಿದ. ವ್ಯಾನು ಸದ್ದಿಲ್ಲದೆ ಏರು ಹತ್ತಿ ಹೋಯಿತು, ಅದನ್ನು ನೋಡುತ್ತಾ ನಿಜಕ್ಕೂ ಹೆಮ್ಮೆಯಿಂದ ನಡೆದೆ. ಅರ್ಧ ದಾರಿಯಲ್ಲಿ ಗೊರ್ರ್, ಕಿಂಯ್ ಎಂದು ಕೇಳಿಸಿತು. ಹಿಂದೆ ಮುಂದೆ ನೋಡಿದೆ, ರಸ್ತೆಯಲ್ಲಿ ಯಾವ ಗಾಡಿಯೂ ಇಲ್ಲ. ನಿಂತೆ, ಶಬ್ದವೂ ನಿಂತಿತು. ಹೆಜ್ಜೆ ಇಟ್ಟೆ, ನನ್ನ ಬಲಗಾಲಿನ ಮಂಡಿಯಿಂದ ಬಂತು.

ಮೂಡಿಗೆರೆಯ ಡಾಕ್ಟರ ಹತ್ತಿರ ಹೋದೆ. ಅವರ ನುಣುಪಾದ ನೆಲದ ಮೇಲೆ ನಾಲ್ಕು ಸಲ ಅತ್ತಿತ್ತ ನಡೆಸಿದರು. ಮಂಡಿ ತುಟಿ ಬಿಚ್ಚಲಿಲ್ಲ. "ಏನೂ ಶಬ್ದ ಇಲ್ವಲ್ಲ, ಆರಾಮಾಗಿದೀರಿ" ಎಂದರು. ಹೊರಗೆ ಬಂದರೆ ಹಸನಬ್ಬ ಸಿಕ್ಕಿ, ವಿಷಯವೆಲ್ಲ ಕೇಳಿ, "ನಿಮ್ಮ ವಾರಂಟಿ ಮುಗ್ದಿದೆಯಲ್ಲ ಸಾರ್? ಹಾಗಾದ್ರೆ ನಾನು ನೋಡಬಹುದು" ಎಂದ. ಅವನ ಸ್ಪ್ಯಾನರು ನೋಡಿ ಬೇಗನೆ ಬಸ್ಸು ಹತ್ತಿದೆ. ಈಗ ಡಾಕ್ಟರನ್ನೇ ಒಂದು ಭಾನುವಾರ ನಮ್ಮ ಏರಿಗೆ ಕರೆತರಬೇಕೆಂದಿದ್ದೇನೆ. ಅವರಿಗೆ ವ್ಯಾನಿನಲ್ಲಿ ಒಂದು ಸೀಟು ಸಿಗುತ್ತದೆಯೇ ಎಂದು ಸುಮಿತ್ರಳನ್ನು ಕೇಳಬೇಕು. ನಾನು ಹೇಗೂ ನಡೆದೇ ಬರುತ್ತೇನೆ, ಇಲ್ಲದಿದ್ದರೆ ಶಬ್ದ ಬರುವುದಿಲ್ಲ.