ಸದಾ ಹತ್ತು ಕಿಲೋ ತೂಗುವವರಿಗೆ

ಮಕ್ಕಳ ವಿಭಾಗದ ಪಾಠದ ಕೋಣೆಯಲ್ಲಿ ಕಿಟಕಿ ಪಕ್ಕದ ಮಂಚವನ್ನು ಬಹುಕಾಲದಿಂದ ಅಲಂಕರಿಸಿರುವ ಮಾನ್ಯ ರಬ್ಬರ್ ಗೊಂಬೆಯವರೇ,

ತಮ್ಮ ಸನ್ನಿಧಿಯಲ್ಲಿ ನಿಂತು ವೈದ್ಯ ವಿದ್ಯಾರ್ಥಿಗಳಿಗೆ ಮಕ್ಕಳ ಔಷಧಿಯ ಪಾಠ ಹೇಳುವ ಅಧ್ಯಾಪಕಿಯ ಸವಿನಯ ವಂದನೆಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ದಿನವಿಡೀ ಸೂಜಿ ಚುಚ್ಚಿಸಿಕೊಂಡೂ ತುಟಿಪಿಟಕ್ಕೆನ್ನದ ತಮ್ಮಂಥ ಆರೋಗ್ಯ ಇನ್ಯಾರಿಗುಂಟು!

ತಮ್ಮ ಈ ಸೌಜನ್ಯವೇ ನನ್ನ ದೂರು. ಸಿರಪ್ ಕುಡಿಸಿದರೆ ತಾವು ಉಗುಳುವುದಿಲ್ಲ, ಕುಡಿಸಿದವರ ಬಿಳಿ ಕೋಟಿನ ಮೇಲೆ ವಾಂತಿ ಮಾಡುವುದಿಲ್ಲ, ಚಮಚ ಕಂಡೊಡನೆ ಬಾಯಿಗೆ ಬೀಗ ಜಡಿದುಕೊಳ್ಳುವುದಿಲ್ಲ. "ಪಾಪ, ಇನ್ನೊಂದು ಚಮಚ ಹಾಕಿ, ಬೇಗ ವಾಸಿಯಾಗ್ಲಿ" ಎನ್ನುವ ಅಜ್ಜಿಯೊಬ್ಬರು ತಮ್ಮ ಪಕ್ಕದಲ್ಲಿ ಕೂತದ್ದನ್ನು ನಾನಂತೂ ಕಂಡಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಬಿಸಿಲಿರಲಿ ಚಳಿಯಿರಲಿ, ತಾವು ಹತ್ತೇ ಕಿಲೋ. ತೂಕ ನೋಡಿ, ಕಿಲೋಗೆ ಇಷ್ಟು ಎಂದು ಔಷಧಿ ಲೆಕ್ಕ ಹಾಕಬೇಕಾದ ನನ್ನ ಶಿಷ್ಯರಿಗೆ ಇದಕ್ಕಿಂತ ಸುಖ ಬೇಕೆ? ಕೊನೆಗೊಂದು ಸೊನ್ನೆ ಸೇರಿಸಿದರೆ ಮುಗಿಯಿತು.

ಮೊನ್ನೆ ಜ್ವರ ನೆತ್ತಿಗೇರಿ ಫಿಟ್ಸ್ ಬಂದ ಎಂಟು ತಿಂಗಳ ಹೆಣ್ಣುಮಗುವನ್ನು ಎತ್ತಿಕೊಂಡು ಅದರ ತಾಯಿ ವಾರ್ಡಿಗೆ ಓಡಿಬಂದಳು. ತರಗತಿಗೇ ಮೊದಲಿಗನೂ ತಮ್ಮ ಪರಮ ಭಕ್ತನೂ ಆದ ವಿದ್ಯಾರ್ಥಿ ಕಣ್ಣು ಮಿಟುಕಿಸುವುದರೊಳಗೆ ಸಿರಿಂಜಿಗೆ ಮದ್ದು ಎಳೆದೇಬಿಟ್ಟ. ಅಷ್ಟು ಮದ್ದು ಕಂಡು ನಾನು ಅವನತ್ತ ಧಾವಿಸಿದೆ. ಅದು ಹೆಚ್ಚಾದರೆ ಫಿಟ್ಸಿನ ಜೊತೆಗೆ ಉಸಿರೂ ನಿಲ್ಲುತ್ತದೆ. ಅವನ ಕೈ ಹಿಡಿದು, ಎಷ್ಟು ತೂಕಕ್ಕೆ ಲೆಕ್ಕ ಹಾಕಿದೆಯಪ್ಪಾ ಎಂದು ಕೇಳಿದೆ. "ಹತ್ತು ಕಿಲೋಗೆ, ಮೇಡಂ. ಮಗು ಅಲ್ವಾ?" ಎಂದ. ಅಲ್ಲೇ ಇದ್ದ ತಕ್ಕಡಿಯ ಮೇಲೆ ಮಲಗಿಸಿದರೆ ಆ ಕಂದ ಆರು ಕಿಲೋ ಕೂಡ ತೂಗಲಿಲ್ಲ. ಹೊಸದಾಗಿ ಲೆಕ್ಕ ಹಾಕಿ, ಬೇಕಾದಷ್ಟೇ ಕೊಟ್ಟು, ಅದರ ಎದೆ ಏರಿಳಿಯುವುದನ್ನೇ ನೋಡುತ್ತ ನಿಂತಾಗ ನನಗೆ ನಿಜಕ್ಕೂ ಭಯವಾಗಿತ್ತು. ಆಗ ತಾವು ಪಕ್ಕದ ಕೋಣೆಯಲ್ಲಿ ಹಾಯಾಗಿ ಮಲಗಿದ್ದಿರಿ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ವಾರಕ್ಕೊಮ್ಮೆಯಾದರೂ ಭೇದಿ ಹತ್ತಿಸಿಕೊಂಡು ಅರ್ಧ ಕಿಲೋ ಇಳಿಯಬೇಕೆಂದೂ, ಹುಡುಗರು ಲೆಕ್ಕ ಮುಗಿಸುವಷ್ಟರಲ್ಲಿ ಐದು ಕಿಲೋ ಆಗಿ, ಅವರು ಅಳಿಸಿ ಬರೆಯುವಷ್ಟರಲ್ಲಿ ಹದಿನೈದಾಗಬೇಕೆಂದೂ, ಔಷಧಿ ನಾಲಿಗೆಗೆ ತಾಗಿದೊಡನೆ ಇಡೀ ಕಟ್ಟಡಕ್ಕೆ ಕೇಳುವಂತೆ ಕಿರುಚಬೇಕೆಂದೂ ಪ್ರಾರ್ಥಿಸುತ್ತೇನೆ. ಇದಾವುದೂ ಆಗದ ಪಕ್ಷದಲ್ಲಿ ತಮ್ಮ ಹೊಟ್ಟೆಯ ಹೊಲಿಗೆ ಬಿಚ್ಚಿ, ದಿನ ಬೆಳಗಾದರೆ ಮನಸ್ಸಿಗೆ ಬಂದಷ್ಟು ಮರಳು ತುಂಬುವ ಇಲ್ಲವೇ ತೆಗೆಯುವ ಅನುಮತಿಯನ್ನಾದರೂ ದಯಪಾಲಿಸಬೇಕು. ತಾವು ಬೇಡವೆನ್ನುವವರಲ್ಲ, ನನಗೆ ಗೊತ್ತು.

ತಮ್ಮ ಬೆಣ್ಣೆಯಂಥ ಸ್ವಭಾವಕ್ಕೆ ಮತ್ತೊಮ್ಮೆ ಕೈಮುಗಿದು,

ತಮ್ಮ ವಿಶ್ವಾಸಿ,
ಕತ್ತರಿ ಹಿಡಿದು ಕೂತಿರುವ ಮೇಡಂ

ಬಾಲಂಗೋಚಿ: ಆ ಮಗು ಜ್ವರ ಬಿಟ್ಟು ಎದ್ದು ಕೂತಿದೆ. ಇಂದು ಬೆಳಿಗ್ಗೆ ತೂಗಲು ಎತ್ತಿಕೊಂಡ ಅದೇ ವಿದ್ಯಾರ್ಥಿಯ ಬೆರಳನ್ನು ಈಗಷ್ಟೇ ಮೂಡಿದ ಎರಡು ಹಲ್ಲಿನಿಂದ ಕಚಕ್ಕನೆ ಕಚ್ಚಿತು. ಅಯ್ಯಯ್ಯೋ ಎಂದು ಕುಣಿದರೂ ಅವನು ತಕ್ಕಡಿಯ ಅಂಕಿ ನಿಲ್ಲುವವರೆಗೆ ಕಣ್ಣು ಕೀಳಲಿಲ್ಲ. ತಮ್ಮ ಹುದ್ದೆಗೆ ಅವಳನ್ನೇ ನೇಮಿಸಿಕೊಳ್ಳೋಣವೆಂದರೆ ಅವಳ ತಾಯಿ ಒಪ್ಪುತ್ತಿಲ್ಲ. ಹಾಗಾಗಿ ಸದ್ಯಕ್ಕೆ ತಾವೇ ಗತಿ.