ಅಮಾವಾಸ್ಯೆಗೆ ಬಿಸಿಯಾದ ಕಂಪ್ಯೂಟರು

ಸರಿಯಾಗಿ ನಡೆಯುತ್ತಿರುವುದನ್ನು ಸುಧಾರಿಸಿ ಕೆಡಿಸುವ ಚಟ ಕೆಲವರಿಗಿರುತ್ತದೆ. ನನಗಿದೆ. ಬಸವಕಲ್ಯಾಣದಲ್ಲಿ ಪಂಪ್‌ಸೆಟ್ ಮಾರುವ ನಾನು ಅಂಗಡಿ ಮುಚ್ಚಿ ಬಂದ ಮೇಲೆ ದಿನಾ ಒಂದು ತಾಸು ಹೆಂಡತಿ ಶಾಂತಾಳ ಪಕ್ಕದಲ್ಲಿ ಕುಳಿತು, ಟಿವಿಗೆ ಜೋಡಿಸಿದ ಗೇಮ್ ಕನ್ಸೋಲಿನಲ್ಲಿ ಕಾರ್ ರೇಸ್ ಆಡುತ್ತಿದ್ದೆ. ಸ್ಕೂಟಿಯನ್ನು ಎರಡೂ ಕಾಲು ನೆಲಕ್ಕೆ ಎಳೆಯುತ್ತಲೇ ಓಡಿಸುವ ಈ ಹೆಂಗಸು ಆಟದಲ್ಲಿ ಮಾತ್ರ ನನ್ನನ್ನು ಗಟಾರಕ್ಕೆ ತಳ್ಳಿ ಮುಂದೆ ಹೋಗುತ್ತಿದ್ದಳು. ಮೂರು ವರ್ಷ ಸತತವಾಗಿ ಸೋತ ಮೇಲೆ, ದೋಷ ಯಂತ್ರದಲ್ಲಿದೆ ಎಂದು ನನಗೆ ಖಾತ್ರಿಯಾಯಿತು.

"ಚೊಲೋ ಅದಲ್ರಿ, ಯಾಕ ಕೊಡಾಕತ್ತೀರಿ?" ಎಂದು ಅವಳು ಕೇಳಿದರೂ ಬಿಡದೆ, ಕನ್ಸೋಲನ್ನು ಹುಮನಾಬಾದ್ ಹತ್ತಿರದ ಹುಡಗಿ ಎಂಬ ಊರಿನಲ್ಲಿರುವ ಅವಳ ತಮ್ಮನಿಗೆ ಉದಾರವಾಗಿ ದಾನ ಮಾಡಿ, ಗೇಮಿಂಗ್ ಕಂಪ್ಯೂಟರು ತಂದೆ. ಚಿತ್ರ ಬಹಳ ಸ್ಪಷ್ಟ. ಆದರೆ ಅದಕ್ಕೆ ಒಂದು ಮೇಜು, ಒಂದು ಕುರ್ಚಿ, ಒಂದು ಕೀಬೋರ್ಡು. ಶಾಂತಾ ಎರಡು ದಿನ ನನ್ನ ಬೆನ್ನ ಹಿಂದೆ ನಿಂತು ನೋಡಿ, ಮೂರನೆಯ ದಿನ ಶೇಂಗಾ ಸುಲಿಯಲು ಹೋದಳು. ನಾನು ಗೆಲ್ಲತೊಡಗಿದೆ. ನೋಡುವವರು ಯಾರೂ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಬಹಳ ಬೇಸರವಾಯಿತು. ಕೊಟ್ಟದ್ದನ್ನು ವಾಪಸ್ ಕೇಳಲು ಬಾಯಿ ಬರಲಿಲ್ಲ.

ನಮ್ಮಲ್ಲಿ ಅಮಾವಾಸ್ಯೆಗೆ ತಕ್ಕಡಿ, ಸ್ಕೂಟಿ, ಮಿಕ್ಸರ್, ಎಲ್ಲಕ್ಕೂ ಪೂಜೆ. ಕಂಪ್ಯೂಟರಿಗೂ ಪ್ರತಿ ಸಲ ಮುಂದಿನ ಜಾಲರಿಯ ಮೇಲೆ ಮೂರು ಬೆರಳು ಎಳೆದು ವಿಭೂತಿ ಹಚ್ಚುತ್ತಿದ್ದೆ. ನಾಲ್ಕನೆಯ ಅಮಾವಾಸ್ಯೆ ಕಳೆದ ಮೇಲೆ ಅದು ವಿಪರೀತ ಬಿಸಿಯಾಗಿ ತಾನಾಗಿ ಆರಿಹೋಗತೊಡಗಿತು. ಹುಮನಾಬಾದಿಗೆ ಒಯ್ದೆವು. ರಿಪೇರಿಯವನು ಬಿಚ್ಚಿ, ಫ್ಯಾನಿನಲ್ಲಿ ಕೈಯಾಡಿಸಿ, ಬೆರಳನ್ನು ಮೂಸಿ ನೋಡಿದ.

"ಇದ್ರಾಗ ವಿಭೂತಿ ಹ್ಯಾಂಗ ಬಂತ್ರಿ?"

"ಪೂಜಿ ಮಾಡ್ತೇವ್ರಿ."

"ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಮಾನಿಟರಿಗಿ ಮಾಡ್ರಿ. ಜಾಲರಿಯಿಂದ ಫ್ಯಾನು ಎಲ್ಲಾ ಒಳಗ ಎಳಕೋತದ."

ಸ್ವಚ್ಛ ಮಾಡಲು ಎರಡು ತಾಸು ಬೇಕೆಂದ. "ಇಷ್ಟು ದೂರ ಬಂದೇವಿ, ಹುಡಗಿಗಿ ಹೋಗಿ ಬರೂಣ್ರಿ" ಎಂದಳು ಶಾಂತಾ. ಅಲ್ಲಿ ಅವಳ ತಮ್ಮ ಚಹಾ ತರುವಷ್ಟರಲ್ಲಿ ಅವಳು ಕನ್ಸೋಲಿನ ಮುಂದೆ ಕುಳಿತು, ಇನ್ನೊಂದು ರಿಮೋಟನ್ನು ನನ್ನ ಮಡಿಲಿಗೆ ಎಸೆದಳು. ಐದು ರೇಸ್ ಆಡಿದೆವು. ಐದಕ್ಕೈದೂ ನಾನು ಗಟಾರದಲ್ಲಿ. ಅವಳು ಬಿದ್ದು ಬಿದ್ದು ನಕ್ಕಳು.

ಕಂಪ್ಯೂಟರು ಈಗ ತಣ್ಣಗೆ ಓಡುತ್ತಿದೆ. ಮೊನ್ನೆ ಅಮಾವಾಸ್ಯೆಗೆ ಮಾನಿಟರಿಗೆ ತೆಳ್ಳಗೆ ವಿಭೂತಿ ಹಚ್ಚಿದೆ. ಇದು ಮತ್ತೆ ಕಾದರೆ ಹುಮನಾಬಾದು, ಹುಮನಾಬಾದೆಂದರೆ ಹುಡಗಿ ಎಂದು ಲೆಕ್ಕ ಹಾಕಿ, ಶಾಂತಾ ಅಡುಗೆಮನೆಗೆ ಹೋದದ್ದನ್ನು ನೋಡಿಕೊಂಡು, ಜಾಲರಿಗೂ ಹಚ್ಚಲು ಬಗ್ಗಿದೆ. ಅಲ್ಲಿ ಆಗಲೇ ಮೂರು ಗೆರೆಗಳಿದ್ದವು, ಇನ್ನೂ ಹಸಿಯಾಗಿ.